ಹೊತ್ತು ನಡೆಯಲು ಯಾವ ಆಂಟೆನಾ ಮಾಸ್ಟ್? ಆರು ಮೀಟರ್, ಹತ್ತು ಮೀಟರ್, ಕಾರ್ಬನ್, ಅಲ್ಯೂಮಿನಿಯಂ

ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಆಂಟೆನಾದ ತಂತಿಯನ್ನು ಬಯಲಿನಲ್ಲಿ ಎತ್ತಿ ಹಿಡಿಯುವ ಉದ್ದ ಕೋಲೇ ಮಾಸ್ಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಆರು ಮೀಟರಿನ ಫೈಬರ್‌ಗ್ಲಾಸ್ ಕೋಲಿಗೆ. ಅದೇ ಜಾತಿಯ ಹತ್ತು ಮೀಟರಿನದು, ಆರು ಮೀಟರಿನ ಕಾರ್ಬನ್ ಕೋಲು, ಲಿವರ್ ಲಾಕ್ ಇರುವ ಅಲ್ಯೂಮಿನಿಯಂ ಮಾಸ್ಟ್, ಈ ಮೂರನ್ನೂ ಅದರ ಪಕ್ಕದಲ್ಲಿಟ್ಟು ಬಳಸಿದ ಮೇಲೆ ಬಂದ ಮಾತು ಇದು. ಬಳಕೆ ಎಂಥದ್ದು ಅಂತ ಹೇಳದೆ ಕೊಟ್ಟ ತೀರ್ಪು ಯಾರಿಗೂ ಉಪಯೋಗಕ್ಕೆ ಬಾರದು, ಹಾಗಾಗಿ ಅದನ್ನೂ ಕೇಳಿಕೊಳ್ಳಿ: ಬೆನ್ನಚೀಲದಲ್ಲಿ ಹೊತ್ತು ಒಬ್ಬನೇ ನಡೆಯುವುದು, ಐದು ವ್ಯಾಟ್, 40 ಮತ್ತು 20 ಮೀಟರ್ ಬ್ಯಾಂಡ್ (ಇಲ್ಲಿ ಮೀಟರ್ ಎಂದರೆ ರೇಡಿಯೊ ತರಂಗದ ಉದ್ದ, ಕೋಲಿನದಲ್ಲ), ಒಂದು ಜಾಗದಲ್ಲಿ ಒಂದೆರಡು ಗಂಟೆ. 2002ರಲ್ಲಿ ಶುರುವಾದ ಸಮ್ಮಿಟ್ಸ್ ಆನ್ ದಿ ಏರ್ (ಬೆಟ್ಟದ ತುದಿಯಿಂದ ರೇಡಿಯೊ ಸಂಪರ್ಕ ಸಾಧಿಸುವ ಹವ್ಯಾಸಿ ಕಾರ್ಯಕ್ರಮ) ಥರದ ಕೆಲಸಕ್ಕೆ ಇಷ್ಟು ಸಾಕು; ಅಲ್ಲಿ ಸಲಕರಣೆಯೆಲ್ಲ ಹೊತ್ತೇ ಹತ್ತಬೇಕು, ಅಂಕ ಸಿಗಲು ನಾಲ್ಕು ಸಂಪರ್ಕ ಆದರೆ ಆಯಿತು. ಕಾರಿನ ಪಕ್ಕ ಮೇಜು ಹಾಕಿ ದಿನವಿಡೀ ಕೂರುವವರ ಲೆಕ್ಕ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಚೀಲದ ಮೇಲೆ ಅಚ್ಚಾದ ಉದ್ದವನ್ನು ನಂಬಿ ತಂತಿ ಕತ್ತರಿಸಬೇಡಿ. ತುದಿಯ ಒಂದೆರಡು ತುಂಡುಗಳು ಎರಡು ಮೂರು ಮಿಲಿಮೀಟರ್ ದಪ್ಪ ಇರುತ್ತವೆ. ಮೀನಿಗೆ ಗಾಳ ಹಾಕುವ ಕೋಲಿಗೆ ಅದು ಸರಿ. ಅಲ್ಲಿಗೆ ಡೈಪೋಲ್ (ನಡುವಿನಿಂದ ಎರಡು ಕಡೆಗೆ ಚಾಚುವ ತಂತಿ ಆಂಟೆನಾ) ಕಟ್ಟಿ, ರೇಡಿಯೊಗೆ ಹೋಗುವ ಕೋಆಕ್ಸ್ ಕೇಬಲ್ ಇಳಿಬಿಟ್ಟರೆ ತುದಿ ಬಾಗಿ ನೆಲ ನೋಡುತ್ತದೆ. ಬುಡದ ಮುಚ್ಚಳ ಬಿಚ್ಚಿ ಆ ತುಂಡುಗಳನ್ನು ಹೊರಗೆಳೆದು ಮನೆಯಲ್ಲೇ ಬಿಡುವುದು ವಾಸಿ. ಫೀಡ್ ಪಾಯಿಂಟ್ (ಕೇಬಲ್ ಆಂಟೆನಾಗೆ ಸೇರುವ ಬಿಂದು) ಕೂರುವ ಜಾಗದಲ್ಲಿ ಕೋಲು ಏಳೆಂಟು ಮಿಲಿಮೀಟರ್ ಆದರೂ ದಪ್ಪ ಇರಬೇಕು. ಈ ಲೆಕ್ಕದಲ್ಲಿ ಹತ್ತು ಮೀಟರಿನ ಕೋಲು ಎಂಟಕ್ಕೆ ಇಳಿಯುತ್ತದೆ, ಆರು ಮೀಟರಿನದು ಐದೂಕಾಲಕ್ಕೆ.

ಆ ಐದೂಕಾಲು ಮೀಟರೇ ನನಗೆ ಹಿಡಿಸಿದ್ದು. 20 ಮೀಟರ್ ಬ್ಯಾಂಡಿನ ಕಾಲು ತರಂಗ (ತರಂಗದ ಉದ್ದದ ನಾಲ್ಕನೇ ಒಂದು ಪಾಲು) ಸುಮಾರು 5.05 ಮೀಟರ್. ತಂತಿಯನ್ನು ಕೋಲಿನ ಉದ್ದಕ್ಕೆ ನೇರವಾಗಿ ಹಿಡಿದು ಮೂರು ಕಡೆ ವೆಲ್ಕ್ರೊ ಸುತ್ತಿ, ಬುಡದಲ್ಲಿ ಫೀಡ್ ಕೊಟ್ಟು, ಐದೈದು ಮೀಟರಿನ ನಾಲ್ಕು ತಂತಿಗಳನ್ನು, ಅಂದರೆ ರೇಡಿಯಲ್‌ಗಳನ್ನು ನೆಲದ ಮೇಲೆ ಹರಡಿದರೆ ವರ್ಟಿಕಲ್ ಆಂಟೆನಾ ಸಿದ್ಧ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಲೆಕ್ಕಕ್ಕಿಂತ ಒಂದೆರಡು ಶೇಕಡಾ ಗಿಡ್ಡ ಸಾಕಾಗುತ್ತದೆ; 5.1 ಮೀಟರ್ ಕತ್ತರಿಸಿಕೊಂಡು, ತುದಿಯನ್ನು ಹಿಂದಕ್ಕೆ ಮಡಚುತ್ತ, ಹೊಂದಾಣಿಕೆ ಎಷ್ಟು ತಪ್ಪಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಇಳಿಸಿ. ಇನ್ವರ್ಟೆಡ್ ವಿ (ನಡು ಮೇಲೆ, ಎರಡು ತುದಿ ಕೆಳಗೆ ಇಳಿಬಿದ್ದ ಡೈಪೋಲ್) ಬೇಕೆಂದರೆ 20 ಮೀಟರಿಗೆ ಐದೈದು ಮೀಟರಿನ ಕೈಗಳು, ತುದಿಗಳು ನೆಲದಿಂದ ಎರಡು ಮೀಟರ್ ಮೇಲೆ. ಕೋನ ತೊಂಬತ್ತೈದು ಡಿಗ್ರಿ ದಾಟುತ್ತದೆ, ತೊಂಬತ್ತಕ್ಕಿಂತ ಕೆಳಗಿಳಿಸಬೇಡಿ. 40 ಮೀಟರಿಗೆ ಹತ್ತತ್ತು ಮೀಟರಿನ ಕೈಗಳು ತುದಿಯಲ್ಲಿ ಒಂದು ಮೀಟರಿಗೆ ಇಳಿದರೂ ಕೋನ ನೂರಾ ಮೂವತ್ತರ ಹತ್ತಿರ ಇರುತ್ತದೆ. ಟ್ರಾನ್ಸ್‌ಮಿಟ್ ಮಾಡುವಾಗ ವೋಲ್ಟೇಜ್ ಅತಿ ಹೆಚ್ಚಿರುವುದು ಈ ತುದಿಗಳಲ್ಲೇ, ಜನ ಓಡಾಡುವ ಕಡೆ ಕೈಗೆಟುಕುವ ಎತ್ತರದಲ್ಲಿ ಬಿಡಬಾರದು.

ಹತ್ತು ಮೀಟರಿನ ಕೋಲಿಗೆ ಸಲ್ಲಬೇಕಾದ್ದನ್ನೂ ಸಲ್ಲಿಸೋಣ. 20 ಮೀಟರಿನಲ್ಲಿ ಅಡ್ಡ ಡೈಪೋಲನ್ನು ಎಂಟು ಮೀಟರಿಗೆ ಏರಿಸಿದರೆ ಅದು 0.38 ತರಂಗದ ಎತ್ತರ; ಸಿಗ್ನಲ್ಲಿನ ಮುಖ್ಯ ಭಾಗ ನೆಲದಿಂದ ಸುಮಾರು ನಲವತ್ತು ಡಿಗ್ರಿಯಲ್ಲಿ ಹೊರಡುತ್ತದೆ. ಐದೂಕಾಲು ಮೀಟರೆಂದರೆ ಬರೀ ಕಾಲು ತರಂಗ, ಹೆಚ್ಚಿನ ಪಾಲು ತಲೆಯ ಮೇಲಕ್ಕೇ ಹೋಗುತ್ತದೆ. ದೂರದ ಸ್ಟೇಷನ್‌ಗಳಿಗೆ ಈ ವ್ಯತ್ಯಾಸ ಕಿವಿಗೆ ಗೊತ್ತಾಗುವಂಥದ್ದು. ಆದರೆ 40 ಮೀಟರಿನಲ್ಲಿ ಎಂಟು ಮೀಟರ್ ಎತ್ತರವೂ 0.19 ತರಂಗ ಮಾತ್ರ. ಎರಡು ಕೋಲೂ ಮೇಲಕ್ಕೇ ಎಸೆಯುತ್ತವೆ, ಕೆಲವು ನೂರು ಕಿಲೋಮೀಟರ್ ಒಳಗಿನ ಮಾತುಕತೆಗೆ ಅದೇ ಅನುಕೂಲ. 20ರಲ್ಲಿ ದೂರ ಬೇಕಾದಾಗ ಆರು ಮೀಟರಿನ ಕೋಲಿನಲ್ಲಿ ವರ್ಟಿಕಲ್‌ಗೆ ಬದಲಾಯಿಸಿಕೊಂಡರೆ ಆಯಿತು. ತೂಕವನ್ನೂ ನೋಡಿ: ಚಿಕ್ಕದು ಮುಕ್ಕಾಲು ಕಿಲೋ ಆಸುಪಾಸು, ದೊಡ್ಡದು ಒಂದೂವರೆಯಿಂದ ಎರಡು ಕಿಲೋ. ಮಡಚಿದ ಉದ್ದವಂತೂ ಇನ್ನೂ ದೊಡ್ಡ ತಲೆನೋವು. ಸುಮಾರು 1.2 ಮೀಟರಿನ ಕೊಳವೆ ಚೀಲದ ಹೊರಗೆ ನಿಂತು ಕೊಂಬೆ ಕಂಡಲ್ಲೆಲ್ಲ ಸಿಕ್ಕಿಕೊಳ್ಳುತ್ತದೆ.

ಈಗ ಇಂಥ ಕೋಲುಗಳ ನಿಜವಾದ ಕಾಟಕ್ಕೆ ಬರೋಣ: ಕುಸಿತ. ಒಂದರೊಳಗೊಂದು ಜಾರುವ ಕೊಳವೆಗಳಿಗೆ ಲಾಕ್ ಇಲ್ಲ. ಪ್ರತಿ ಕೊಳವೆಯ ಬುಡ ಸ್ವಲ್ಪ ದಪ್ಪ, ಅದರ ಹೊರಗಿನದರ ಬಾಯಿ ಸ್ವಲ್ಪ ಕಿರಿದು. ಎಳೆದಾಗ ಎರಡೂ ಬಿಗಿದು ನಿಲ್ಲುತ್ತವೆ, ಹಿಡಿದಿರುವುದು ಘರ್ಷಣೆಯೊಂದೇ. ಗಾಳಿ ಬೀಸಿದಾಗ ಕೋಲು ಅಲ್ಲಾಡುವುದಷ್ಟೇ ಅಲ್ಲ, ತಂತಿಯ ಎಳೆತಕ್ಕೆ ಅಷ್ಟಿಷ್ಟು ತಿರುಚಿಕೊಳ್ಳುತ್ತದೆ ಕೂಡ. ಆ ತಿರುಚಾಟದಲ್ಲಿ ಬಿಗಿ ಸಡಿಲವಾಗಿ, ಮೇಲಿನ ಭಾರ ಕೆಳಗೆ ತಳ್ಳಿ, ಒಂದು ಜಾಯಿಂಟ್ ಜಾರುತ್ತದೆ. ಜಾರಿದ ತುಂಡು ಮೇಲಿನದನ್ನೆಲ್ಲ ಹೊತ್ತುಕೊಂಡು ಒಳಗೆ ಬಿದ್ದಾಗ ಆ ಪೆಟ್ಟಿಗೆ ಉಳಿದ ಜಾಯಿಂಟ್‌ಗಳೂ ಬಿಡುತ್ತವೆ, ಕ್ಷಣದಲ್ಲಿ ಇಡೀ ಕೋಲು ಕೈಯುದ್ದಕ್ಕೆ ಬಂದು ನಿಂತಿರುತ್ತದೆ. ಬುಡದ ಮುಚ್ಚಳ ಒಡೆಯುವುದು, ಹಿಡಿದವರ ಬೆರಳು ಸಂದಿಯಲ್ಲಿ ಸಿಕ್ಕುವುದು ಎರಡೂ ಇಂಥ ಹೊತ್ತಿನಲ್ಲೇ.

ಹತ್ತು ಮೀಟರಿನ ಕೋಲು ನನ್ನ ಪಟ್ಟಿಯಲ್ಲಿ ಕೆಳಗಿಳಿದಿದ್ದು ಈ ಕಾರಣಕ್ಕೆ. ಅದರಲ್ಲಿ ಜಾಯಿಂಟ್‌ಗಳು ಹೆಚ್ಚು, ಭಾರ ಹೆಚ್ಚು, ಬೀಳುವ ದೂರ ಹೆಚ್ಚು. ಚಿಕ್ಕ ಕೋಲು ಕುಸಿದರೆ ಎರಡು ನಿಮಿಷದಲ್ಲಿ ಮತ್ತೆ ಎಬ್ಬಿಸಬಹುದು; ದೊಡ್ಡದು ಕುಸಿದರೆ ಕೋಲನ್ನು ನೆಟ್ಟಗೆ ಎಳೆದು ಹಿಡಿಯುವ ಗೈ ಹಗ್ಗಗಳೆಲ್ಲ ಗೋಜಲಾಗಿ ಮೊದಲಿಂದ ಶುರು ಮಾಡಬೇಕು.

ಕುಸಿಯದ ಹಾಗೆ ಎಬ್ಬಿಸಲು ಕ್ರಮವಿದೆ. ಮೊದಲು ಪ್ರತಿ ಕೊಳವೆಯ ಬುಡವನ್ನು ಒಣ ಬಟ್ಟೆಯಲ್ಲಿ ಒರೆಸಿ. ದೂಳಿನ ತೆಳು ಪದರವಿದ್ದರೂ ಬಿಗಿ ಕೂರುವುದಿಲ್ಲ, ಮರಳಿನ ಒಂದು ಕಾಳಿದ್ದರೆ ಉಲ್ಟಾ ಕಚ್ಚಿಕೊಳ್ಳುತ್ತದೆ. ಎಣ್ಣೆ, ಸಿಲಿಕೋನ್ ಸ್ಪ್ರೇ ಯಾವುದೂ ಬೇಡ. ತುದಿಯ ತೆಳು ತುಂಡಿನಿಂದ ಶುರು ಮಾಡಿ ಒಂದೊಂದಾಗಿ ಹೊರಗೆಳೆಯಿರಿ. ಪೂರ್ತಿ ಬಂದ ಮೇಲೆ ಕಾಲು ಸುತ್ತು ತಿರುಚುತ್ತಲೇ ಗಟ್ಟಿಯಾಗಿ ಒಂದು ಸಲ ಎಳೆಯಿರಿ. ಎಳೆತ ನೇರವಾಗಿರಲಿ, ಪಕ್ಕಕ್ಕೆ ಒತ್ತಿದರೆ ಕೊಳವೆಯ ಬಾಯಿ ಸೀಳುತ್ತದೆ. ಇಳಿಸುವಾಗ ಉಲ್ಟಾ: ಬುಡದ ದಪ್ಪ ಜಾಯಿಂಟ್ ಮೊದಲು, ತುದಿ ಕೊನೆಗೆ.

ಟೇಪ್ ಸುತ್ತಿದರೆ ಸಾಲದೇ ಅಂತ ಎಲ್ಲರೂ ಕೇಳುತ್ತಾರೆ. ಅರ್ಧ ಹೊರ ಕೊಳವೆಯ ಅಂಚಿನ ಮೇಲೆ, ಅರ್ಧ ಒಳ ಕೊಳವೆಯ ಮೇಲೆ ಬರುವಂತೆ ಇನ್ಸುಲೇಷನ್ ಟೇಪ್ ಎರಡು ಸುತ್ತು ಹಾಕಿದರೆ ಕೋಲು ಖಂಡಿತ ನಿಲ್ಲುತ್ತದೆ. ಕೊನೆಯನ್ನು ಮಡಚಿ ಕಿವಿ ಬಿಟ್ಟಿದ್ದರೆ ಬಿಚ್ಚುವುದೂ ಸುಲಭ. ಆದರೆ ಬಿಸಿಲಿಗೆ ಟೇಪಿನ ಅಂಟು ಕರಗಿ ಒಳ ಕೊಳವೆಗೆ ಮೆತ್ತಿಕೊಳ್ಳುತ್ತದೆ, ಮಡಚಿದಾಗ ಅದೇ ಅಂಟು ಒಳಗೆ ಹೋಗುತ್ತದೆ, ಮುಂದಿನ ಸಲ ದೂಳು ಹಿಡಿದು ಜಾಯಿಂಟ್ ಕಚ್ಚಿಕೊಳ್ಳುತ್ತದೆ. ಕುಸಿಯುವುದನ್ನು ನಿಲ್ಲಿಸಲು ಹೋಗಿ ಬಿಚ್ಚಲಾಗದ ಕೋಲು ಸಿಕ್ಕಂತಾಯಿತು. ಅದರ ಬದಲು ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಎಳೆದು ಬಿಗಿಯಾಗಿ ಸುತ್ತಿ, ಮೇಲೆ ವೆಲ್ಕ್ರೊ ಹಾಕಿ. ಅಂಟಿಲ್ಲ, ಕೆಳಗಿನ ಮೂರು ಜಾಯಿಂಟ್‌ಗಳಿಗೆ ಹಾಕಿದರೆ ಒಂದೆರಡು ಗಂಟೆಯ ಕೆಲಸಕ್ಕೆ ಸಾಕು. ದಿನವಿಡೀ ನಿಲ್ಲಬೇಕಾದರೆ ಹೋಸ್ ಕ್ಲಿಪ್ (ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿ): ಒಳ ಕೊಳವೆಯ ಮೇಲೆ, ಹೊರಗಿನದರ ಅಂಚಿಗೆ ತಾಗುವಂತೆ, ಅಡಿಯಲ್ಲಿ ರಬ್ಬರ್ ಕೊಟ್ಟು. ಸ್ಕ್ರೂ ಜಾಸ್ತಿ ಬಿಗಿದರೆ ತೆಳು ಕೊಳವೆ ಚಿರ್ ಅಂತ ಸೀಳುತ್ತದೆ.

ಕಚ್ಚಿಕೊಂಡ ಜಾಯಿಂಟ್ ಬಿಡಿಸಲು ಇಕ್ಕಳ ಮುಟ್ಟಬೇಡಿ, ಕೊಳವೆ ಟೊಳ್ಳು, ಜಜ್ಜಿಹೋಗುತ್ತದೆ. ಎರಡೂ ಕಡೆ ರಬ್ಬರ್ ಪಟ್ಟಿ ಸುತ್ತಿ, ಜಾಯಿಂಟಿನ ಹತ್ತಿರವೇ ಹಿಡಿದು, ವಿರುದ್ಧ ದಿಕ್ಕಿಗೆ ತಿರುಚಿ ಒಳಗೆ ಒತ್ತಿ. ಬಗ್ಗದಿದ್ದರೆ ಕೋಲನ್ನು ನೆಟ್ಟಗೆ ಹಿಡಿದು ಮರದ ಹಲಗೆಯ ಮೇಲೆ ಗೇಣೆತ್ತರದಿಂದ ಬುಡವನ್ನು ಕುಟ್ಟಿ. ಆಗಲೂ ಬಿಡದಿದ್ದರೆ ಹೊರ ಕೊಳವೆಗೆ ಮಾತ್ರ ಬಿಸಿನೀರಿನ ಬಟ್ಟೆ ಸುತ್ತಿ, ಅದು ಹಿಗ್ಗಿದ ಕೂಡಲೇ ತಿರುಚಿ. ಸುಡುಬಿಸಿಲಿನಲ್ಲಿ ಅತಿಯಾಗಿ ಬಿಗಿದ ಕೋಲು ಸಂಜೆ ತಣ್ಣಗಾದಾಗ ಕಚ್ಚಿಕೊಳ್ಳುವುದೂ ಇದರ ಉಲ್ಟಾ ಲೆಕ್ಕದಲ್ಲೇ.

ಕಾರ್ಬನ್ ಕೋಲನ್ನು ಕೈಯಲ್ಲಿ ಹಿಡಿದರೆ ಆಸೆ ಹುಟ್ಟುವುದು ಸಹಜ. ಅರ್ಧ ಕಿಲೋಗಿಂತ ಕಡಿಮೆ ತೂಕ, ಗಾಳಿಗೆ ಬಾಗುವುದೂ ಕಡಿಮೆ. ತೊಂದರೆ ಏನೆಂದರೆ ಕಾರ್ಬನ್ ವಿದ್ಯುತ್ ವಾಹಕ, ಅದೂ ಕೆಟ್ಟ ವಾಹಕ. ಅದರ ಉದ್ದಕ್ಕೆ ವರ್ಟಿಕಲ್ ತಂತಿ ಕಟ್ಟಿದರೆ ಟ್ಯೂನಿಂಗ್ ಎಲ್ಲಿಗೋ ಸರಿಯುತ್ತದೆ, ಐದು ವ್ಯಾಟಿನಲ್ಲಿ ಒಂದಷ್ಟು ಕೋಲನ್ನು ಬೆಚ್ಚಗೆ ಮಾಡಲು ಹೋಗುತ್ತದೆ. ಇನ್ವರ್ಟೆಡ್ ವಿಗೆ ಅಡ್ಡಿಯಿಲ್ಲ. ಎರಡು ಕೈಗಳೂ ಕೋಲಿಗೆ ಸಮಾನವಾಗಿ ಇಳಿಯುವುದರಿಂದ ಪರಿಣಾಮ ಕಡಿಮೆ, ಫೀಡ್ ಪಾಯಿಂಟನ್ನು ನೈಲಾನ್ ದಾರದಲ್ಲಿ ಒಂದು ಗೇಣು ದೂರ ತೂಗುಹಾಕಿದರೆ ಸಾಕು. ಆದರೆ ನನಗೆ ಒಂದೇ ಕೋಲಿನಲ್ಲಿ ಎರಡೂ ಬಗೆ ಬೇಕು, ಹೆಚ್ಚು ಹಣ ತೆತ್ತು ಅರ್ಧ ಉಪಯೋಗ ಕೊಳ್ಳುವುದು ನನ್ನ ಜೇಬಿಗೆ ಒಗ್ಗುವುದಿಲ್ಲ. ಕಲ್ಲಿಗೆ ತಾಗಿದರೆ ಫೈಬರ್‌ಗ್ಲಾಸ್ ಸಿಬಿರೇಳುತ್ತದೆ, ಕಾರ್ಬನ್ ಮುರಿದೇ ಹೋಗಬಹುದು.

ಅಲ್ಯೂಮಿನಿಯಂ ಮಾಸ್ಟಿನ ಲಿವರ್ ಲಾಕ್ ಕುಸಿಯುವ ಮಾತೇ ಇಲ್ಲ. ಮೂರು ಕಿಲೋ ಮೇಲಿನ ತೂಕವನ್ನು ಕಾರು ಹೊರುವುದಾದರೆ, ಮೇಲೆ ವಿಎಚ್‌ಎಫ್ ಯಾಗಿ (ಅಡ್ಡ ಕೊಳವೆಗಳ ಭಾರದ ಆಂಟೆನಾ) ಕೂರಿಸುವುದಾದರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಿ. ಹೊತ್ತು ನಡೆಯುವವರಿಗೆ ಅಲ್ಲ.

ಮರಕ್ಕೆ ದಾರ ಎಸೆಯುವುದು ಎಲ್ಲಕ್ಕಿಂತ ಹಗುರ, ಮರ ಇದ್ದರೆ.

ಗೈ ಹಗ್ಗ ಆರು ಮೀಟರಿನ ಕೋಲಿಗೂ ಬೇಕೇ ಬೇಕು. ನಾಲ್ಕು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತಟ್ಟೆಯ ನಡುವೆ ಕೆಳಗಿನಿಂದ ಎರಡನೇ ಜಾಯಿಂಟಿನ ಅಂಚಿನ ಮೇಲೆ ಕೂರುವಷ್ಟು ತೂತು, ಸುತ್ತ ಮೂರು ಸಣ್ಣ ತೂತು. ಎರಡು ಮಿಲಿಮೀಟರಿನ ನೈಲಾನ್ ದಾರ ಮೂರು, ನೂರಿಪ್ಪತ್ತು ಡಿಗ್ರಿ ಅಂತರದಲ್ಲಿ. ದಾರ ಕಟ್ಟಿದ ಎತ್ತರದ ಅರ್ಧಕ್ಕಿಂತ ಹೆಚ್ಚು ದೂರದಲ್ಲಿ ಗೂಟ ಹೊಡೆಯಿರಿ. ಇನ್ವರ್ಟೆಡ್ ವಿಯ ಕೈಗಳೇ ಗೈ ಆಗುತ್ತವೆ ಅಂತ ಕೆಲವರು ಎರಡು ದಾರ ಉಳಿಸುತ್ತಾರೆ. ತಂತಿಯ ಸಾಲಿನಲ್ಲಿ ಅದು ನಿಜ, ಅದಕ್ಕೆ ಅಡ್ಡ ಬೀಸುವ ಗಾಳಿಗೆ ಕೋಲು ಮಲಗುತ್ತದೆ. ತಂತಿಗೆ ಅಡ್ಡವಾದ ಆ ಎರಡು ಬದಿಗಾದರೂ ದಾರ ಇರಲಿ. ವಿದ್ಯುತ್ ತಂತಿ ಕಾಣುವ ಕಡೆ, ಕೋಲು ಮತ್ತು ಆಂಟೆನಾ ಸೇರಿದ ಎತ್ತರದ ಒಂದೂವರೆ ಪಟ್ಟಿಗಿಂತ ಹತ್ತಿರ ಎಬ್ಬಿಸಬೇಡಿ. ಒದ್ದೆ ಫೈಬರ್‌ಗ್ಲಾಸನ್ನೂ ನಂಬುವಂತಿಲ್ಲ.

ತುದಿಯ ಮೇಲೆ ತೂಗುವ ಭಾರದ ಬಗ್ಗೆ ಒಂದು ಮಾತು. ಆರ್‌ಜಿ-58 ಕೇಬಲ್ ಮೀಟರಿಗೆ ನಲವತ್ತು ಗ್ರಾಂ ಹತ್ತಿರ, ಆರ್‌ಜಿ-174 ಹನ್ನೆರಡರ ಆಸುಪಾಸು. ಐದು ಮೀಟರ್ ಇಳಿಬಿಟ್ಟರೆ ಇನ್ನೂರು ಗ್ರಾಂ ಎಲ್ಲಿ, ಅರವತ್ತು ಗ್ರಾಂ ಎಲ್ಲಿ! ತೆಳು ಕೇಬಲ್ಲಿನಲ್ಲಿ 20 ಮೀಟರ್ ಬ್ಯಾಂಡಿನ 14 ಮೆಗಾಹರ್ಟ್ಸ್‌ಗೆ ಹತ್ತು ಮೀಟರಿಗೆ ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚು ನಷ್ಟವಿದೆ, ಆದ್ದರಿಂದ ಆರೇಳು ಮೀಟರಿಗಿಂತ ಉದ್ದ ಇಟ್ಟುಕೊಳ್ಳಬೇಡಿ. ಎಂಡ್ ಫೆಡ್ ಹಾಫ್ ವೇವ್ (ಒಂದು ತುದಿಯಲ್ಲಿ ಫೀಡ್ ಕೊಡುವ ಅರ್ಧ ತರಂಗದ ತಂತಿ) ಬಳಸುವವರಿಗೆ ಈ ಚಿಂತೆಯೂ ಇಲ್ಲ, ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ಎರಡೂ ನೆಲದ ಹತ್ತಿರವೇ ಉಳಿಯುತ್ತವೆ, ಮೇಲಕ್ಕೆ ಹೋಗುವುದು ತಂತಿಯೊಂದೇ.

ಒಂದೇ ಜಾಗದಲ್ಲಿ ದಿನವಿಡೀ ಕೂತು 20 ಮೀಟರಿನಲ್ಲಿ ದೂರದವರನ್ನೇ ಹುಡುಕುವವರು, ಎಬ್ಬಿಸಲು ಇನ್ನೊಬ್ಬರ ಕೈ ಸಿಗುವವರು ಹತ್ತು ಮೀಟರಿನದನ್ನೇ ಕೊಳ್ಳಲಿ, ಜೊತೆಗೆ ಹೋಸ್ ಕ್ಲಿಪ್‌ಗಳನ್ನೂ. ಉಳಿದವರು ಆರು ಮೀಟರಿನದನ್ನು ಕೊಳ್ಳುವಾಗ ಮೂರು ವಿಷಯ ನೋಡಿ: ಬುಡದ ಮುಚ್ಚಳ ತಳ್ಳಿ ಕೂರಿಸುವುದಲ್ಲ, ಸ್ಕ್ರೂ ಥರ ತಿರುಗಿಸುವುದಾಗಿರಲಿ, ತುಂಡುಗಳು ಬಿಡಿಬಿಡಿಯಾಗಿ ಮಾರಾಟಕ್ಕೆ ಸಿಗುತ್ತವೆಯೇ ಕೇಳಿ, ಮಾರುವವರ ವಿವರಣೆಯಲ್ಲಿ ಕಾರ್ಬನ್ ಮಿಶ್ರಣ ಎಂದಿದ್ದರೆ ವರ್ಟಿಕಲ್‌ಗೆ ಅದು ಬೇಡ. ಕಪ್ಪು ಬಣ್ಣ ನೋಡಿ ನಿರ್ಧರಿಸಬೇಡಿ, ಫೈಬರ್‌ಗ್ಲಾಸಿಗೂ ಕಪ್ಪು ಬಳಿಯುತ್ತಾರೆ. ಸಂಶಯವಿದ್ದರೆ ಕೊಳವೆಯ ಕತ್ತರಿಸಿದ ಅಂಚಿನ ಎರಡು ಕಡೆಗೆ ಮಲ್ಟಿಮೀಟರಿನ ಮೊನೆ ಒತ್ತಿ ಓಮ್ ನೋಡಿ. ಫೈಬರ್‌ಗ್ಲಾಸಾದರೆ ಮುಳ್ಳು ಅಲ್ಲಾಡುವುದಿಲ್ಲ.