ಮತ್ತೆ ಮತ್ತೆ ನೋಡಿದ ಮೇಲೂ ಉಳಿದ ಸಿನಿಮಾಗಳು, ಸರಣಿಗಳು

ಸಿನಿಮಾ ಬಿಡುಗಡೆಯಾದ ದಿನವೇ ಬೀಳುವ ಸ್ಟಾರ್ ರೇಟಿಂಗ್ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ಮೊದಲ ಸಲ ನೋಡುವಾಗ ನಮ್ಮನ್ನು ಎಳೆದುಕೊಂಡು ಹೋಗುವುದು ‘ಮುಂದೇನು’ ಅನ್ನೋ ಕುತೂಹಲ. ಅದು ತೀರಿದ ಮೇಲೂ ಕೂತು ನೋಡಬೇಕು ಅನ್ನಿಸುತ್ತದಾ? ಹಾಗೆ ಅನ್ನಿಸಿದ ಕೆಲವು, ಅನ್ನಿಸದ ಒಂದೆರಡರ ಬಗ್ಗೆ ಇಲ್ಲಿ ಬರೆದಿದ್ದೇನೆ. ಎಲ್ಲವೂ ಹಳೇವು, ಹಾಗಾಗಿ ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ. ನೋಡದೇ ಇರುವವರು ಆ ಪ್ಯಾರಾ ಹಾರಿಸಿಬಿಡಿ.

ಎಷ್ಟು ಸಲ ನೋಡಿದರೂ ಸವೆಯದ ಸಿನಿಮಾ ಅಂದರೆ ‘12 ಆಂಗ್ರಿ ಮೆನ್’ (1957). ತಂದೆಯನ್ನು ಕೊಂದ ಆರೋಪ ಹೊತ್ತ ಒಬ್ಬ ಹುಡುಗ. ಅವನ ಹಣೆಬರಹ ತೀರ್ಮಾನಿಸಲು ಒಂದು ಕೋಣೆಯಲ್ಲಿ ಸೇರಿದ 12 ಜನ ಜ್ಯೂರಿ ಸದಸ್ಯರು. ಸಿನಿಮಾ ಇರುವುದೇ 96 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಆ ಕೋಣೆಯೊಳಗೇ ಮುಗಿಯುತ್ತದೆ. ಎರಡನೇ ಸಲ ನೋಡುವಾಗ ಮಾತು ಬಿಟ್ಟು ಕ್ಯಾಮೆರಾ ಗಮನಿಸಿ. ಶುರುವಿನಲ್ಲಿ ಅದು ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಕೋಣೆ ವಿಶಾಲವಾಗಿ ಕಾಣುತ್ತದೆ. ಬರಬರುತ್ತಾ ಕೆಳಗಿಳಿಯುತ್ತದೆ, ಲೆನ್ಸ್ ಬದಲಾಗುತ್ತದೆ, ಗೋಡೆಗಳು ಹತ್ತಿರ ಸರಿದ ಹಾಗೆ ಆಗುತ್ತದೆ. ಕೊನೆಕೊನೆಗೆ ತಲೆ ಮೇಲಿನ ಚಾವಣಿಯೂ ಫ್ರೇಮಿಗೆ ಬರುತ್ತದೆ. ನಿರ್ದೇಶಕ ಸಿಡ್ನಿ ಲುಮೆಟ್ ಇದನ್ನು ಬೇಕಂತಲೇ ಮಾಡಿದ್ದು. ಅದೂ ತಮ್ಮ ಮೊದಲನೇ ಸಿನಿಮಾದಲ್ಲಿ!

ಅದರಲ್ಲೇ ಇನ್ನೊಂದು ಸಣ್ಣ ವಿಷಯ. ಕನ್ನಡಕ ಹಾಕಿದ, ತುಂಬಾ ಲೆಕ್ಕಾಚಾರದ ಒಬ್ಬ ಮನುಷ್ಯ ಆ ಸೆಕೆಯಲ್ಲೂ ಕೋಟು ತೆಗೆಯುವುದಿಲ್ಲ. ನಿಮಗೆ ಬೆವರೇ ಬರಲ್ವಾ ಅಂತ ಪಕ್ಕದವನು ಕೇಳಿದರೆ, ಇಲ್ಲ ಅನ್ನುತ್ತಾನೆ. ಆಮೇಲೆ ಕೆಲವೇ ದಿನದ ಹಿಂದೆ ನೋಡಿದ ಸಿನಿಮಾದ ಹೆಸರು ಕೇಳಿದಾಗ ತಡವರಿಸುತ್ತಾನೆ. ಆಗ ನೋಡಿ, ಹಣೆ ಮೇಲೆ ಬೆವರು. ಮೊದಲ ಸಲ ವಾದದ ಭರದಲ್ಲಿ ಇದು ಕಣ್ತಪ್ಪಿ ಹೋಗುವುದೇ ಜಾಸ್ತಿ.

ಗುಟ್ಟನ್ನೇ ನಂಬಿಕೊಂಡ ಸಿನಿಮಾಗಳು ಸಾಮಾನ್ಯವಾಗಿ ಎರಡನೇ ಸಲಕ್ಕೆ ಸಪ್ಪೆ. ‘ದಿ ಸಿಕ್ಸ್ತ್ ಸೆನ್ಸ್’ (1999) ಮಾತ್ರ ಬಚಾವಾಗುತ್ತದೆ. ಹೋಟೆಲಿನಲ್ಲಿ ಬ್ರೂಸ್ ವಿಲ್ಲಿಸ್ ಹೆಂಡತಿಯ ಎದುರು ಕೂತು, ತಡವಾಗಿ ಬಂದಿದ್ದಕ್ಕೆ ಸಮಜಾಯಿಷಿ ಕೊಡುವ ದೃಶ್ಯ ಇದೆಯಲ್ಲ, ಅದನ್ನು ಮತ್ತೆ ನೋಡಿ. ಅವನು ಬಿಲ್ಲಿಗೆ ಕೈ ಚಾಚುವಷ್ಟರಲ್ಲಿ ಅವಳು ಎಳೆದುಕೊಳ್ಳುತ್ತಾಳೆ. ಮೊದಲ ಸಲ ಅವಳು ಮುನಿಸಿಕೊಂಡ ಹೆಂಡತಿ. ಎರಡನೇ ಸಲ ಗಂಡನಿಲ್ಲದೆ ಒಬ್ಬಳೇ ಊಟಕ್ಕೆ ಬಂದ ಹೆಂಗಸು. ಒಂದು ಶಾಟ್ ಕೂಡ ಮೋಸದ್ದಲ್ಲ.

ಸರಣಿಗಳಲ್ಲಿ ‘ಬ್ರೇಕಿಂಗ್ ಬ್ಯಾಡ್’ಗೆ (2008–2013) ನನ್ನ ಮೊದಲ ಮಣೆ. 62 ಕಂತುಗಳ ಕಥೆ ಗೊತ್ತಿದ್ದೂ ನೋಡಿಸಿಕೊಳ್ಳುತ್ತದೆ. ನಾಲ್ಕನೇ ಸೀಸನ್‌ನಲ್ಲಿ ಡ್ರಗ್ಸ್ ದಂಧೆಯ ದೊರೆ ಗಸ್ ವಾಂತಿ ಮಾಡುವ ಮುಂಚೆ ಟವೆಲ್ ನೀಟಾಗಿ ಮಡಚಿ ನೆಲದ ಮೇಲಿಟ್ಟು, ಅದರ ಮೇಲೆ ಮಂಡಿಯೂರುತ್ತಾನೆ. ಐದನೇ ಸೀಸನ್‌ನಲ್ಲಿ ಕಥಾನಾಯಕ ವಾಲ್ಟರ್ ಮಾಡುವುದೂ ಅದನ್ನೇ. ಒಂದು ಮಾತಿಲ್ಲ, ವಿವರಣೆ ಇಲ್ಲ. ತಾನು ಕೊಂದವನ ಅಭ್ಯಾಸವನ್ನೇ ಇವನು ಕಲಿತಿದ್ದಾನೆ. ಬಜೆಟ್ ಉಳಿಸಲು ಮಾಡಿದ ‘ಫ್ಲೈ’ ಕಂತನ್ನು ಎಷ್ಟೋ ಜನ ಬೈಯುತ್ತಾರೆ. ಇಬ್ಬರು ಲ್ಯಾಬಿನಲ್ಲಿ ಒಂದು ನೊಣ ಹಿಡಿಯುವುದೇ ಕಥೆ. ನನಗಂತೂ ಅದು ಇಡೀ ಸರಣಿಯ ಒಳ್ಳೇ ಕಂತುಗಳಲ್ಲಿ ಒಂದು.

‘ಗೇಮ್ ಆಫ್ ಥ್ರೋನ್ಸ್’ ಬಗ್ಗೆ ಎಲ್ಲರೂ ಕೊನೆಯನ್ನು ಬೈಯುತ್ತಾರೆ. ನನ್ನ ತಕರಾರು ಅದಕ್ಕಿಂತ ಮುಂಚೆಯೇ ಶುರು. ಮೊದಲ ಸೀಸನ್‌ನಲ್ಲಿ ರಾಜನ ಪರಿವಾರ ಉತ್ತರಕ್ಕೆ ಬರಲು ತಿಂಗಳು ಹಿಡಿಯುತ್ತದೆ. ಆಗೆಲ್ಲ ಜಗಳ, ಸ್ನೇಹ, ದ್ರೋಹ ಹುಟ್ಟುತ್ತಿದ್ದುದೇ ದಾರಿಯಲ್ಲಿ. ಏಳನೇ ಸೀಸನ್‌ಗೆ ಬಂದರೆ ಒಬ್ಬ ಓಡಿಹೋಗಿ ಕಾಗೆಯ ಕಾಲಿಗೆ ಓಲೆ ಕಟ್ಟಿಸಿ, ಅದು ಅಷ್ಟು ದೂರ ಹಾರಿ, ಅಲ್ಲಿಂದ ಡ್ರ್ಯಾಗನ್‌ಗಳು ಬರುವವರೆಗೂ ಹಿಮದಲ್ಲಿ ಸಿಕ್ಕಿಕೊಂಡವರು ಅಲ್ಲೇ ಕಾಯುತ್ತಿರುತ್ತಾರೆ. ಮೊದಲ ಆರು ಸೀಸನ್‌ಗೆ ತಲಾ 10 ಕಂತು, ಏಳನೆಯದಕ್ಕೆ 7, ಎಂಟನೆಯದಕ್ಕೆ 6. ಇಷ್ಟು ಅವಸರ ಯಾಕಿತ್ತೋ! ಮತ್ತೆ ನೋಡುವಾಗ ಮೊದಲ ನಾಲ್ಕು ಸೀಸನ್ ಸಾಕು ಅನ್ನಿಸುತ್ತದೆ.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬಗ್ಗೆ ಜಾಸ್ತಿ ಹೇಳಲ್ಲ. ಕೆಲವು ಕಂತು ಈಗ ನಿಧಾನ ಅನ್ನಿಸುತ್ತವೆ, ಸ್ವಾಮಿಯ ಕಂತುಗಳು ಅನ್ನಿಸುವುದಿಲ್ಲ.

‘ತಿಥಿ’ ಮೊದಲ ಸಲ ನೋಡಿದಾಗ ನಕ್ಕಿದ್ದೇ ನಕ್ಕಿದ್ದು. ದಾರಿಹೋಕರನ್ನೆಲ್ಲ ಬೈಯುತ್ತಾ ಕೂತ ಸೆಂಚುರಿ ಗೌಡ, ಅವನು ಸತ್ತ ಮೇಲೂ ತಲೆ ಕೆಡಿಸಿಕೊಳ್ಳದ ಮಗ ಗಡ್ಡಪ್ಪ, ಜಮೀನಿಗಾಗಿ ಬದುಕಿರುವ ಅಪ್ಪನಿಗೇ ಡೆತ್ ಸರ್ಟಿಫಿಕೇಟ್ ಮಾಡಿಸುವ ತಮ್ಮಣ್ಣ. ನಟಿಸಿದವರು ಮಂಡ್ಯ ಕಡೆಯ ಹಳ್ಳಿ ಜನ, ವೃತ್ತಿ ಕಲಾವಿದರಲ್ಲ. ಮತ್ತೆ ನೋಡಿದರೆ ಭಾರ ಬೀಳುವುದು ಬೇರೆ ಕಡೆ. ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಹಳೇ ಕಥೆ ಹೇಳುತ್ತಾನಲ್ಲ, ಆಗ ಅವನ ಅಲೆದಾಟಕ್ಕೆ ಕಾರಣ ಗೊತ್ತಾಗುತ್ತದೆ. ಅದು ಗೊತ್ತಿದ್ದುಕೊಂಡು ಮೊದಲಿನಿಂದ ನೋಡಿದರೆ ಗಡ್ಡಪ್ಪ ತಮಾಷೆಯ ಮುದುಕ ಅಲ್ಲವೇ ಅಲ್ಲ.

ಇನ್ನು ಸೋವಿಯತ್ ಅಣುಸ್ಥಾವರದ ದುರಂತದ ಕಥೆ ‘ಚರ್ನೋಬಿಲ್’ (2019). ಐದೇ ಕಂತು. ಎರಡು ಗಂಟೆಯ ಸರಕನ್ನು ಎಂಟು ಗಂಟೆ ಎಳೆಯುವ ಸರಣಿಗಳ ಕಾಲದಲ್ಲಿ ಇದೇ ಒಂದು ಸಮಾಧಾನ. ಆದರೆ ಇತಿಹಾಸದ ಪಾಠ ಅಂತ ನೋಡಬೇಡಿ. ಖೋಮ್ಯುಕ್ ಅನ್ನುವ ವಿಜ್ಞಾನಿ ಕಲ್ಪನೆಯ ಪಾತ್ರ, ಕೊನೇ ಕಂತಿನ ಕೋರ್ಟ್ ವಿಚಾರಣೆಯಲ್ಲಿ ಮಾತಾಡುವ ವಿಜ್ಞಾನಿ ಲೆಗಾಸೊವ್ ನಿಜದಲ್ಲಿ ಅಲ್ಲಿಗೆ ಹೋಗಿಯೇ ಇರಲಿಲ್ಲ. ಅಷ್ಟಿದ್ದರೂ ರಿಯಾಕ್ಟರ್ ಯಾಕೆ ಸಿಡಿಯಿತು ಅನ್ನುವುದನ್ನು ಕೆಂಪು, ನೀಲಿ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸುತ್ತಾ ಹೇಳುವ ಆ ಕೋರ್ಟ್ ದೃಶ್ಯ ಇದೆಯಲ್ಲ, ಫಿಸಿಕ್ಸ್ ಅಂದರೆ ಓಡುವವರಿಗೂ ಅರ್ಥವಾಗುತ್ತದೆ. ಸುಮ್ನೆ ಆ ಕೊನೇ ಕಂತನ್ನು ಮಾತ್ರ ಹಾಕಿಕೊಂಡು ನೋಡುವುದೂ ಉಂಟು.