ಯೂರೋ ನಡೆಯುತ್ತೆ ಅಂತ ಗಡಿ ದಾಟಿದೆ, ವಾಪಸ್ ಬರಲು ಬಿಡಲಿಲ್ಲ

ಒಂದೇ ಪ್ರವಾಸದಲ್ಲಿ ನಾಲ್ಕೈದು ದೇಶ ಸುತ್ತುವ ಯೋಚನೆ ಇದ್ದರೆ ಟಿಕೆಟ್ ಮಾಡಿಸುವ ಮೊದಲು ಇದನ್ನು ಓದಿ. ನಾನು ಸಿಕ್ಕಿಹಾಕಿಕೊಂಡಿದ್ದು ಒಂದೇ ಒಂದು ಅಂಕಿಯನ್ನು ಓದದೇ ಇದ್ದುದಕ್ಕೆ. ಅದು ನನ್ನ ಪಾಸ್‌ಪೋರ್ಟ್‌ನಲ್ಲೇ ಇತ್ತು. ಹತ್ತು ದಿನ ನನ್ನ ಜೇಬಿನಲ್ಲೇ ಓಡಾಡಿತ್ತು.

2024ರ ಸೆಪ್ಟೆಂಬರ್. ನಾನು, ಗೆಳೆಯ ಇಬ್ಬರೇ. ರೋಮ್‌ನಲ್ಲಿ ಇಳಿದು ವೆನಿಸ್, ಅಲ್ಲಿಂದ ಬಸ್ಸಿನಲ್ಲಿ ಸ್ಲೊವೇನಿಯಾದ ಲುಬ್ಲಿಯಾನಾ, ಆಮೇಲೆ ಕ್ರೊಯೇಷಿಯಾದ ಸ್ಪ್ಲಿಟ್, ಡುಬ್ರೊವ್ನಿಕ್. ಕೊನೆಗೆ ಮತ್ತೆ ರೋಮ್, ಅಲ್ಲಿಂದ ಮನೆಗೆ. ಮೂರು ದೇಶಗಳೂ ಷೆಂಗೆನ್ ಒಪ್ಪಂದದವು, ಅಂದರೆ ತಮ್ಮ ನಡುವಿನ ಗಡಿಯಲ್ಲಿ ಸಾಮಾನ್ಯವಾಗಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳು, ಒಂದೇ ವೀಸಾ ಸಾಕು. ಕ್ರೊಯೇಷಿಯಾ ಅಂತೂ 2023ರ ಜನವರಿ 1ರಂದು ಷೆಂಗೆನ್‌ಗೂ ಯೂರೋಗೂ ಒಟ್ಟಿಗೇ ಸೇರಿತ್ತು.

ದೇಶ ದಾಟಿದ್ದು ಗೊತ್ತೇ ಆಗುತ್ತಿರಲಿಲ್ಲ. ಒಂದು ಕಡೆ ಪೊಲೀಸಿನವನೊಬ್ಬ ಬಸ್ ಹತ್ತಿ, ಪಾಸ್‌ಪೋರ್ಟ್‌ಗಳ ಮೇಲೆ ಹಾಗೇ ಕಣ್ಣಾಡಿಸಿ ಇಳಿದುಹೋದ. ಸೀಲೂ ಇಲ್ಲ, ಸಾಲೂ ಇಲ್ಲ. ಹೀಗೆ ಹತ್ತು ದಿನ ಕಳೆದರೆ ಗಡಿ ಅನ್ನುವುದರ ಭಯವೇ ಹೋಗಿಬಿಡುತ್ತದೆ. ನನಗೂ ಹೋಯಿತು.

ಡುಬ್ರೊವ್ನಿಕ್‌ನಿಂದ ಮಾಂಟೆನೆಗ್ರೊದ ಕೊಟೊರ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಬಸ್ಸುಗಳಿವೆ. ಬೆಟ್ಟದ ಬುಡದಲ್ಲಿ ಕೊಲ್ಲಿ, ಕೊಲ್ಲಿಯ ದಡದಲ್ಲಿ ಹಳೇ ಕೋಟೆ ಊರು. ಹೊರಡುವ ಮೊದಲೇ ಟ್ರಾವೆಲ್ ಏಜೆಂಟ್ ಹೇಳಿದ್ದ: "ಅಲ್ಲಿಗೆ ಖಂಡಿತ ಹೋಗಿ ಬನ್ನಿ ಸರ್. ಯೂರೋನೇ ನಡೆಯುತ್ತೆ, ಬೇರೆ ವೀಸಾನೂ ಬೇಡ." ಎರಡೂ ನಿಜವೇ. ಮಾಂಟೆನೆಗ್ರೊದಲ್ಲಿ ಯೂರೋ ನಡೆಯುತ್ತದೆ. ಷೆಂಗೆನ್ ವೀಸಾ ಇದ್ದವರನ್ನು ಬೇರೆ ವೀಸಾ ಕೇಳದೆ 30 ದಿನದ ತನಕ ಇರಲು ಬಿಡುತ್ತಾರೆ. ಆದರೆ ಆ ದೇಶ ಷೆಂಗೆನ್‌ನಲ್ಲೂ ಇಲ್ಲ, ಯುರೋಪಿಯನ್ ಯೂನಿಯನ್‌ನಲ್ಲೂ ಇಲ್ಲ. ಏಜೆಂಟ್ ಹೇಳದೆ ಬಿಟ್ಟಿದ್ದು ಅಷ್ಟೇ.

ಯುರೋಪಿಯನ್ ಯೂನಿಯನ್‌ನಿಂದ ಹೊರಗೆ ಬಂದಿದ್ದು ನನಗಿಂತ ಮೊದಲು ನನ್ನ ಫೋನಿಗೆ ಗೊತ್ತಾಯಿತು. ಇಟಲಿಯಲ್ಲಿ ಕೊಂಡ ಸಿಮ್ ಸ್ಲೊವೇನಿಯಾದಲ್ಲೂ ಕ್ರೊಯೇಷಿಯಾದಲ್ಲೂ ಚೆನ್ನಾಗಿ ಓಡಿತ್ತು. ಇಲ್ಲಿ ಇದ್ದಕ್ಕಿದ್ದಂತೆ ಡೇಟಾ ನಿಂತಿತು. ಆಗಲಾದರೂ ಅನುಮಾನ ಬರಬೇಕಿತ್ತು ಅಲ್ವಾ? ನಾನು ಕಿಟಕಿಯಿಂದ ಬೆಟ್ಟ ನೋಡುತ್ತಾ ಕೂತಿದ್ದೆ.

ಸಂಜೆ ವಾಪಸ್ ಬರುವಾಗ ಕ್ರೊಯೇಷಿಯಾದ ಚೆಕ್‌ಪೋಸ್ಟ್‌ನಲ್ಲಿ ಎಲ್ಲರನ್ನೂ ಇಳಿಸಿದರು. ಗೆಳೆಯನ ಪಾಸ್‌ಪೋರ್ಟ್‌ಗೆ ಟಪ್ ಅಂತ ಸೀಲ್ ಬಿತ್ತು. ನನ್ನದನ್ನು ಗಾಜಿನ ಹಿಂದಿದ್ದ ಅಧಿಕಾರಿ ಎರಡು ಸಲ ಹಿಂದೆ ಮುಂದೆ ತಿರುವಿದಳು. ಆಮೇಲೆ ವೀಸಾ ಚೀಟಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದಳು. 'ನಂಬರ್ ಆಫ್ ಎಂಟ್ರೀಸ್' ಅಂತ ಇದ್ದ ಜಾಗದಲ್ಲಿ '01'. ಪಕ್ಕದ ಪುಟದಲ್ಲಿ ಬೆಳಿಗ್ಗೆ ಬಿದ್ದ ಸೀಲ್: ಮೂಲೆ ದುಂಡಗಿದ್ದ ಚೌಕ, ಒಂದು ಪುಟ್ಟ ಕಾರಿನ ಚಿತ್ರ, ಹೊರಗೆ ಹೋಗುವ ಬಾಣ. "ನಿಮಗೆ ಒಂದೇ ಪ್ರವೇಶ ಇತ್ತು. ಇವತ್ತು ಬೆಳಿಗ್ಗೆ ನೀವು ಹೊರಗೆ ಹೋದಿರಿ. ಮುಗಿಯಿತು."

ವೀಸಾದಲ್ಲಿ ಇನ್ನೂ ದಿನಗಳು ಉಳಿದಿದ್ದವು. ಅದನ್ನೇ ಹಿಡಿದು ವಾದ ಮಾಡಿದೆ. ಉಪಯೋಗವಿಲ್ಲ. ತಾರೀಖು ಬೇರೆ, ಎಷ್ಟು ಸಲ ಒಳಗೆ ಬರಬಹುದು ಅನ್ನುವುದು ಬೇರೆ. ಗೆಳೆಯನ ಚೀಟಿಯಲ್ಲಿ ಅದೇ ಜಾಗದಲ್ಲಿ 'ಮಲ್ಟ್' ಅಂತಿತ್ತು, ಅಂದರೆ ಎಷ್ಟು ಸಲ ಬೇಕಾದರೂ. ಅವನು ತನ್ನ ಅರ್ಜಿ ತಾನೇ ತುಂಬಿದ್ದ. ನನ್ನದನ್ನು ಏಜೆಂಟ್ ತುಂಬಿದ್ದ. ಅರ್ಜಿಯಲ್ಲೇ ಒಂದು ಸಲ, ಎರಡು ಸಲ, ಹಲವು ಸಲ ಅಂತ ಕೇಳುವ ಜಾಗವಿದೆ. ಏಜೆಂಟ್ 'ಒಂದು ಸಲ'ಕ್ಕೆ ಟಿಕ್ ಹಾಕಿದ್ದ, ನಾನು ಕಣ್ಣುಮುಚ್ಚಿ ಸಹಿ ಹಾಕಿದ್ದೆ.

ಅಧಿಕಾರಿ ಒರಟಾಗಿ ಏನೂ ಮಾತಾಡಲಿಲ್ಲ. ಒಂದು ಫಾರಂ ತುಂಬಿ ಕೊಟ್ಟಳು. ಪ್ರವೇಶದ ಸೀಲ್ ಹಾಕಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಸಿ' ಅಂತ ಬರೆದಳು. ಸರಿಯಾದ ವೀಸಾ ಇಲ್ಲ ಅಂತ ಅರ್ಥ. ಆ ಕಾಟು ಹೊಡೆದ ಸೀಲ್ ಬರೀ ಒಂದು ರಾತ್ರಿಯ ಕಷ್ಟ ಅಲ್ಲ. ಬ್ರಿಟನ್ನಿನ ವೀಸಾ ಅರ್ಜಿಯಲ್ಲಿ, ಯಾವುದಾದರೂ ದೇಶದ ಗಡಿಯಲ್ಲಿ ನಿಮ್ಮನ್ನು ತಡೆದಿದ್ದಾರಾ ಅಂತ ನೇರವಾಗಿ ಕೇಳುತ್ತಾರೆ. ಇನ್ನು ಮುಂದೆ ನಾನು ಹೌದು ಅಂತಲೇ ಬರೆಯಬೇಕು.

"ನೀನು ಹೋಗೋ, ಬಸ್ ಹೋದ್ರೆ ಇಬ್ರೂ ಇಲ್ಲೇ ಉಳೀತೀವಿ" ಅಂದೆ ಗೆಳೆಯನಿಗೆ. ಅವನು ಹೋದ. ನನ್ನ ಹತ್ತಿರ ಇದ್ದದ್ದು ಒಂದು ಸಣ್ಣ ಬ್ಯಾಗು, ನೀರಿನ ಬಾಟಲಿ, ಓಡದ ಸಿಮ್ ಇರುವ ಫೋನು. ಮಾಂಟೆನೆಗ್ರೊ ಕಡೆಯವರು ನಿಟ್ಟುಸಿರು ಬಿಟ್ಟು ವಾಪಸ್ ಸೇರಿಸಿಕೊಂಡರು. ಟ್ಯಾಕ್ಸಿ ಹಿಡಿದು ಹತ್ತಿರದ ಹೆರ್ಟ್ಸೆಗ್ ನೋವಿ ಊರಿಗೆ ಹೋದೆ.

ನಿಜವಾದ ಪೇಚಾಟ ಅಲ್ಲಿ ಶುರುವಾಯಿತು. ಹೋಟೆಲಿನ ವೈಫೈನಲ್ಲಿ ವಿಮಾನದ ಟಿಕೆಟ್ ಕೊಳ್ಳಲು ಕೂತೆ. ಷೆಂಗೆನ್ ಮುಟ್ಟದ ದಾರಿಯೇ ಬೇಕು, ಹಾಗಾಗಿ ಮಾಂಟೆನೆಗ್ರೊದ ರಾಜಧಾನಿ ಪೊಡ್ಗೊರಿಟ್ಸಾದಿಂದ ಇಸ್ತಾಂಬುಲ್ ಮೇಲೆ. ಕಾರ್ಡ್ ನಂಬರ್ ಹಾಕಿದೆ, ಒಟಿಪಿ ಕೇಳಿತು. ಒಟಿಪಿ ಬರುವುದು ಮನೆಯ ಸಿಮ್‌ಗೆ. ಅದನ್ನು ತೆಗೆದು, ಕಾಗದದಲ್ಲಿ ಸುತ್ತಿ, ಡುಬ್ರೊವ್ನಿಕ್‌ನ ರೂಮಿನಲ್ಲಿ ಸೂಟ್‌ಕೇಸಿನ ಸೈಡ್ ಜಿಪ್‌ನಲ್ಲಿ ಇಟ್ಟಿದ್ದೆ! ರಾತ್ರಿ ಹನ್ನೊಂದಕ್ಕೆ ಗೆಳೆಯ ಅದನ್ನು ಹುಡುಕಿ ತನ್ನ ಫೋನಿಗೆ ಹಾಕಿಕೊಂಡ. ನಾನು ವಾಟ್ಸಾಪ್ ಕಾಲ್‌ನಲ್ಲಿ. ಅವನು ಅಂಕಿ ಓದುವಷ್ಟರಲ್ಲಿ ಪೇಜ್ ಟೈಮ್‌ಔಟ್. ಮೂರನೇ ಸಲಕ್ಕೆ ಟಿಕೆಟ್ ಆಯಿತು. ಮನೆಯ ಸಿಮ್ ಯಾವತ್ತೂ ಮೈಮೇಲೇ ಇರಲಿ, ಪರ್ಸಿನಲ್ಲಾದರೂ ಸರಿ. ಎರಡು ಸಿಮ್ ಹಿಡಿಯುವ ಫೋನು ಇದ್ದರೆ ಇನ್ನೂ ಒಳ್ಳೆಯದು.

ನಗದು ತೆಗೆಯಲು ಹೋದರೆ ಎಟಿಎಂ ಇನ್ನೊಂದು ಗಾಳ ಹಾಕಿತು. ನಿಮ್ಮ ಖಾತೆಯ ಕರೆನ್ಸಿಯಲ್ಲೇ ಲೆಕ್ಕ ಹಾಕಲೇ ಅಂತ ಕೇಳಿತು. ಒಪ್ಪಿದರೆ ದರ ಆ ಮಷೀನಿನವರದ್ದು, ಸಾಮಾನ್ಯವಾಗಿ ನಮಗೇ ನಷ್ಟ. ಬೇಡ ಅಂತ ಒತ್ತಿ, ಆ ದೇಶದ ಹಣದಲ್ಲೇ ತೆಗೆಯಬೇಕು. ಅದೊಂದು ಗೊತ್ತಿತ್ತು, ಸದ್ಯ.

ಟ್ರಾವೆಲ್ ಇನ್ಶೂರೆನ್ಸ್‌ನವರಿಗೆ ಮೇಲ್ ಹಾಕಿದೆ. ವೀಸಾ ಕಾರಣಕ್ಕೆ ಗಡಿಯಲ್ಲಿ ತಡೆದರೆ ಕವರ್ ಇಲ್ಲ ಅಂತ ಪಾಲಿಸಿಯ ಸಾಲನ್ನೇ ಕಳಿಸಿದರು. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಕಡ್ಡಾಯ, ಆದರೆ ಅದು ಇರುವುದು ಆಸ್ಪತ್ರೆ ಖರ್ಚಿಗೆ, ನಮ್ಮ ಪೆದ್ದುತನಕ್ಕಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ, ಆ ರಾತ್ರಿ ನಿದ್ದೆ ಬಾರದೆ ಕೂತು ಓದಿದೆ. ಯೂರೋ, ಯುರೋಪಿಯನ್ ಯೂನಿಯನ್, ಷೆಂಗೆನ್, ಇವು ಮೂರೂ ಬೇರೆ ಬೇರೆ ಬೇಲಿಗಳು. ಸ್ವಿಟ್ಜರ್ಲೆಂಡ್ ಯೂನಿಯನ್‌ನಲ್ಲಿಲ್ಲ, ಹಣ ಫ್ರಾಂಕ್, ಆದರೂ ಷೆಂಗೆನ್‌ನಲ್ಲಿದೆ. ಐರ್ಲೆಂಡ್ ಯೂನಿಯನ್‌ನಲ್ಲೂ ಇದೆ, ಯೂರೋನೂ ಇದೆ, ಷೆಂಗೆನ್ ಮಾತ್ರ ಅಲ್ಲ. ಹಣ ನೋಡಿ ಗಡಿ ಊಹಿಸಿದರೆ ನನ್ನ ಹಾಗೇ ಆಗುತ್ತದೆ.

ಕೊಟೊರ್‌ಗೆ ಎಷ್ಟು ಜನ ಹೋಗುತ್ತಾರೋ ಬಿಡಿ. ಈ ತಪ್ಪು ಜಾಸ್ತಿ ಆಗುವ ಸಾಧ್ಯತೆ ಲಂಡನ್ ವಿಷಯದಲ್ಲಿ. ಪ್ಯಾರಿಸ್, ಮಧ್ಯೆ ಎರಡು ದಿನ ಲಂಡನ್, ಮತ್ತೆ ಆಮ್‌ಸ್ಟರ್‌ಡ್ಯಾಮ್ ಅಂತ ಪ್ಲಾನ್ ಹಾಕಿದರೆ ಎರಡು ಸಲ ಷೆಂಗೆನ್ ಪ್ರವೇಶ ಬೇಕು, ಬ್ರಿಟನ್ ವೀಸಾ ಬೇರೆ. ಲಂಡನ್ನನ್ನು ಮೊದಲಿಗೋ ಕೊನೆಗೋ ತಳ್ಳಿದರೆ ಒಂದೇ ಪ್ರವೇಶ ಸಾಕು. ಕ್ರೊಯೇಷಿಯಾದಲ್ಲಿ ಬಾಡಿಗೆ ಕಾರು ಓಡಿಸುವವರೂ ನೋಡಿಕೊಳ್ಳಿ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಕರಾವಳಿಯ ಹಳೇ ದಾರಿ ಬೋಸ್ನಿಯಾದ ನೇಉಮ್ ಊರೊಳಗೆ ಹಾಯುತ್ತದೆ, ಬೋಸ್ನಿಯಾನೂ ಷೆಂಗೆನ್‌ನಲ್ಲಿಲ್ಲ. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಹಿಡಿದರೆ ಬೋಸ್ನಿಯಾ ಮುಟ್ಟಬೇಕಿಲ್ಲ. ಮ್ಯಾಪ್ ತೋರಿಸಿದ ಕಡೆ ಸುಮ್ನೆ ಸ್ಟಿಯರಿಂಗ್ ತಿರುಗಿಸಬೇಡಿ.

ಸೀಲ್ ನೋಡಿ ನೆನಪಿಟ್ಟುಕೊಳ್ಳುವ ಕಾಲವೂ ಹೋಗುತ್ತಿದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಸೀಲ್ ಬದಲು ಫೋಟೋ, ಬೆರಳಚ್ಚು ತೆಗೆದು ಕಂಪ್ಯೂಟರಿಗೆ ಹಾಕುವ ವ್ಯವಸ್ಥೆ ಶುರುವಾಗಿದೆ. ನೀವು ಯಾವತ್ತು ಹೊರಗೆ ಹೋದಿರಿ ಅನ್ನುವುದು ಅವರಿಗೆ ಒಂದು ಕ್ಲಿಕ್‌ನಲ್ಲಿ ಗೊತ್ತಾಗುತ್ತದೆ.

ಮರುದಿನ ಗೆಳೆಯ ನನ್ನ ಸೂಟ್‌ಕೇಸ್ ಹೊತ್ತು ಅದೇ ಬಸ್ಸಿನಲ್ಲಿ ಬಂದ, ಕಾಫಿ ಕುಡಿದು, ಅದೇ ಗಡಿಯಲ್ಲಿ ಆರಾಮಾಗಿ ವಾಪಸ್ ಹೋದ. ನನ್ನ ರೋಮ್ ಟಿಕೆಟ್‌ಗೆ ಏನೂ ವಾಪಸ್ ಬರಲಿಲ್ಲ.

ಮನೆಗೆ ಬಂದು ಏಜೆಂಟ್‌ಗೆ ಫೋನ್ ಮಾಡಿದೆ. ಪೂರ್ತಿ ಕಥೆ ಕೇಳಿಸಿಕೊಂಡ. ಒಂದು ಕ್ಷಣ ಸುಮ್ಮನಿದ್ದ. "ಹೋಗೋಕೆ ವೀಸಾ ಬೇಕಾ ಅಂತ ಕೇಳಿದ್ರಿ ಸರ್, ಬೇಡ ಅಂದೆ. ವಾಪಸ್ ಬರೋದರ ಬಗ್ಗೆ ನೀವು ಕೇಳಲೇ ಇಲ್ವಲ್ಲ" ಅಂದ.