ಕೌದಿ ಕೊಟ್ಟು ಕೆಟ್ಟೆವು: ‘ಸಮುದಾಯ ಕಲೆ’ಯ ಫಾರಂಗೆ ಹೆಬ್ಬೆಟ್ಟು ಒತ್ತಿಸುವ ಮುಂಚೆ

ನಮ್ಮೂರು ಲಿಂಗಸುಗೂರಿನ ಕಡೆ. ಬೆಂಗಳೂರಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿದ್ದೇನೆ. ಹೋದ ವರ್ಷ ಒಂದು ಕಲಾ ಸಂಸ್ಥೆಯವರು, ಕಾರ್ಮಿಕರ ಜೊತೆ ಸೇರಿ ಕಲಾಕೃತಿ ಮಾಡಿ ಪ್ರದರ್ಶನಕ್ಕಿಡುವ ‘ಸಮುದಾಯ ಕಲೆ’ಗೆ ಒಬ್ಬ ‘ಸಮುದಾಯ ಸಂಯೋಜಕಿ’ ಬೇಕು ಅಂದರು, ಒಪ್ಪಿಕೊಂಡೆ. ವಲಸೆ ಕಾರ್ಮಿಕರ ಶೆಡ್‌ಗಳಿಗೆ, ಪ್ರದರ್ಶನ ರೂಪಿಸುವ ಕ್ಯುರೇಟರ್ ಅವರನ್ನು ಕರೆದೊಯ್ಯುವುದು, ಅವರ ಇಂಗ್ಲಿಷನ್ನು ನಮ್ಮ ಕಡೆಯ ಮಾತಲ್ಲಿ ಹೇಳುವುದು, ಚಹಾ ಬಿಸ್ಕತ್ತು ಹೊಂದಿಸುವುದು, ಇಷ್ಟೇ ಕೆಲಸ. ಉತ್ತರ ಕರ್ನಾಟಕದ ಮಾತು ಬರುವ ಯಾರಿಗಾದರೂ ಇಂಥ ಕರೆ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಶೆಡ್‌ಗಳಿರುವ ಜಾಗದ ಹೆಸರನ್ನೂ ಹಾಕುವುದಿಲ್ಲ. ಅದಕ್ಕೆ ಬೇರೆಯೇ ಕಾರಣ ಇದೆ.

ವರ್ತೂರು, ಮಾರತ್ತಹಳ್ಳಿ ಕಡೆ ಓಡಾಡುವವರು ನೀಲಿ ತಾಡಪತ್ರಿ ಹೊದಿಸಿದ ಶೆಡ್‌ಗಳನ್ನು ನೋಡಿಯೇ ಇರುತ್ತೀರಿ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರು ಬಹಳ. ಮೊದಲ ದಿನವೇ ಕ್ಯುರೇಟರ್ ಇಂಗ್ಲಿಷಿನ ಮೂರು ಪುಟದ ಒಪ್ಪಿಗೆ ಫಾರಂ, ಒಂದು ಇಂಕ್ ಪ್ಯಾಡ್ ತಂದಿದ್ದರು. ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕಂತೆ. ಒಬ್ಬಾಕೆ ಬೆರಳು ಒತ್ತುವ ಮುಂಚೆ ಕೇಳಿದಳು: “ಯಕ್ಕಾ, ಇದ್ರಿಂದ ಲೇಬರ್ ಕಾರ್ಡ್ ಆಗ್ತದೇನ್ರಿ?”

ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಆಗಬೇಕಾದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಮೇಸ್ತ್ರಿ ಬರೆದುಕೊಡುವುದಿಲ್ಲ. ಹಾಗಾಗಿ ಯಾವ ಕಾಗದ ಕಂಡರೂ ಅವರಿಗೆ ಅದೇ ಆಸೆ. ನಾನು “ಅದು ಬೇರೆ, ಇದು ಬೇರೆ” ಅಂದವಳೇ ಮುಂದಿನವಳ ಬೆರಳು ಹಿಡಿದೆ. ಹೊತ್ತಾಗಿತ್ತು, ಕ್ಯುರೇಟರ್ ಅವರ ಕ್ಯಾಬ್ ಬಂದು ನಿಂತಿತ್ತು. ಫಾರಂ ಅನ್ನು ನಾನೇ ಪೂರ್ತಿ ಓದಿರಲಿಲ್ಲ.

ಕೆಲಸವೇನೋ ಚೆನ್ನಾಗಿಯೇ ನಡೆಯಿತು, ಅದನ್ನೂ ಹೇಳಬೇಕು. ಊರಿನಿಂದ ಬೆಂಗಳೂರಿನವರೆಗಿನ ದಾರಿಯನ್ನು ಕೌದಿಯಲ್ಲಿ, ಅಂದರೆ ಹಳೇ ಬಟ್ಟೆ ತುಂಡು ಸೇರಿಸಿ ಮಾಡುವ ಹೊದಿಕೆಯಲ್ಲಿ, ಹೊಲಿಯುವುದು ಅಂತ ಆಯಿತು. ಆರು ಜನ, ಹನ್ನೊಂದು ಸಂಜೆ. ದಿನವಿಡೀ ಇಟ್ಟಿಗೆ ಹೊತ್ತು ಬಂದ ಕೈಗಳು ಬಲ್ಬಿನ ಬೆಳಕಲ್ಲಿ ಸಾಲು ತಪ್ಪದ ಹಾಗೆ ಹೊಲಿಗೆ ಹಾಕುತ್ತಿದ್ದವು. ಕಾರ್ಡ್ ಕೇಳಿದ್ದವಳು ತೀರಿಹೋದ ಅವ್ವನ ಇಳಕಲ್ ಸೀರೆಯ ಸೆರಗು ತಂದಳು. ಟೋಪ್ ತೆನಿ, ಕೆಂಪಿನ ಮೇಲೆ ಬಿಳಿ ಹಲ್ಲಿನ ಸಾಲು. ಕತ್ತರಿ ಹಾಕುವಾಗ ಎರಡು ಸಲ ನಿಲ್ಲಿಸಿದಳು. “ಮುಗದ ಮ್ಯಾಲ ಕೌದಿ ನಮಗ ಬರ್ತದಲ್ಲ?” ಅಂತ ನನ್ನನ್ನೇ ಕೇಳಿದಳು. “ಬರ್ತದ” ಅಂದೆ. ಕ್ಯುರೇಟರ್ ಕಡೆ ತಿರುಗಿ ಕೇಳಿದರೆ ಅವರೂ ನಗುತ್ತಾ ತಲೆಯಾಡಿಸಿದರು.

ಸಂಜೆಗೆ ಇಷ್ಟು ಅಂತ ಬಾಯಲ್ಲಿ ಹೇಳಿದ್ದ ದುಡ್ಡು ಆಮೇಲೆ ‘ಗೌರವಧನ’ ಆಯಿತು. ಗೌರವಧನ ಕೊನೆಗೆ ಸಂಸ್ಥೆಯ ಲಾಂಛನ ಅಚ್ಚಾದ ಬಟ್ಟೆ ಚೀಲ ಆಯಿತು.

ಪ್ರದರ್ಶನದ ಉದ್ಘಾಟನೆಗೆ ಆರೂ ಜನ ತಲೆಗೆ ಹೂ ಮುಡಿದು ಬಂದರು. ಗೇಟಿನಲ್ಲಿ ಸೆಕ್ಯುರಿಟಿಯವನು ಮೊಬೈಲ್‌ನಲ್ಲಿ ನೋಂದಣಿ ತೋರಿಸಿ ಅಂದ. ನಾನು ಒಳಗೆ ಓಡಿ ಯಾರನ್ನೋ ಕರೆತರುವಷ್ಟರಲ್ಲಿ ಇಪ್ಪತ್ತು ನಿಮಿಷ ಅವರು ಫುಟ್‌ಪಾತಿನ ಮೇಲೆ ನಿಂತಿದ್ದರು. ಒಳಗೆ ಕೌದಿ ಗೋಡೆಯ ಮೇಲಿತ್ತು, ಮೇಲೊಂದು ದೀಪ. ಅವರಲ್ಲಿ ಹಿರಿಯಾಕೆ ಹತ್ತಿರ ಹೋಗಿ ನೋಡಿ, “ಹೊಚ್ಚಗೊಳ್ಳೋದು ಗ್ವಾಡಿಗ್ಯಾಕ ಹಾಕ್ಯಾರವ್ವಾ? ಗ್ವಾಡಿಗೂ ಥಂಡಿ ಆಗ್ತದೇನು?” ಅಂದಳು. ಪಕ್ಕದ ಚೀಟಿಯಲ್ಲಿ ಕ್ಯುರೇಟರ್ ಹೆಸರು, ಕೆಳಗೆ ‘ವಲಸಿಗ ಮಹಿಳೆಯರ ಜೊತೆ’ ಅಂತ. ಆರು ಹೆಸರು ಬರೆಯಲು ಜಾಗ ಇರಲಿಲ್ಲವೋ ಏನೋ. ‘ಧ್ವನಿಯಿಲ್ಲದವರಿಗೆ ಧ್ವನಿ’ ಅಂತಲೂ ಬರೆದಿದ್ದರು. ನೀರಿನ ಟ್ಯಾಂಕರ್ ಬಂದ ಹೊತ್ತಿಗೆ ಆ ಶೆಡ್‌ಗಳ ಹತ್ತಿರ ಒಮ್ಮೆ ನಿಂತು ನೋಡಬೇಕಿತ್ತು ಅವರು.

ನನ್ನ ಎದೆ ಧಸಕ್ಕೆಂದದ್ದು ಪಕ್ಕದ ಗೋಡೆ ನೋಡಿ. ಶೆಡ್ಡಿನ ಮಕ್ಕಳು ಬರೆದ ನಕಾಶೆಯನ್ನು ದೊಡ್ಡದಾಗಿ ಅಚ್ಚು ಹಾಕಿದ್ದರು: ಯಾವ ಅಪಾರ್ಟ್‌ಮೆಂಟಿನ ಹಿಂದೆ, ಯಾವ ಕಾಲುವೆ ಪಕ್ಕ, ಎಷ್ಟು ಶೆಡ್, ಎಲ್ಲವೂ. ಫೋಟೋಗಳಲ್ಲಿ ಮುಖಗಳು. 2020ರ ಜನವರಿ ನೆನಪಿದೆಯಲ್ಲ? ಮಾರತ್ತಹಳ್ಳಿ ಹತ್ತಿರದ ಕರಿಯಮ್ಮನ ಅಗ್ರಹಾರದ ಶೆಡ್‌ಗಳಲ್ಲಿ ಇರುವವರೆಲ್ಲ ಅಕ್ರಮ ಬಾಂಗ್ಲಾದೇಶಿಗಳು ಅಂತ ಒಂದು ವೀಡಿಯೋ ಹರಿದಾಡಿತು, ಆ ಶೆಡ್‌ಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಮಧ್ಯೆ ಬಂತು, ಆದರೆ ಶೆಡ್ ಬಿದ್ದ ಮೇಲೆ. ಇದನ್ನೆಲ್ಲ ಹೇಳಿ ನಕಾಶೆ ತೆಗೆಯಿರಿ ಅಂದರೆ, “ಅದು ಮಕ್ಕಳ ಕಲ್ಪನೆ, ಸೆನ್ಸಾರ್ ಮಾಡಬಾರದು” ಅಂದರು. ಹತ್ತು ದಿನ ಜಗಳವಾಡಿದ ಮೇಲೆ ಇಳಿಸಿದರು.

ಕೌದಿ ಮಾತ್ರ ಬರಲಿಲ್ಲ. ಮೊದಲು ಬೇರೆ ಊರಿನ ಪ್ರದರ್ಶನಕ್ಕೆ ಹೋಗಿದೆ ಅಂದರು, ಆಮೇಲೆ ಸಂಸ್ಥೆಯ ಸಂಗ್ರಹದಲ್ಲಿದೆ ಅಂದರು. ವಕೀಲೆ ಗೆಳತಿಯ ಹತ್ತಿರ ಫಾರಂ ಒಯ್ದೆ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಅದು 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ನಮ್ಮ ಫಾರಂನವರು ಜಾಣರು, ‘ಶಾಶ್ವತವಾಗಿ, ಪ್ರಪಂಚದಾದ್ಯಂತ’ ಅಂತ ಎರಡನ್ನೂ ತುಂಬಿದ್ದರು. ಆದರೆ ಹಕ್ಕು ಕೊಟ್ಟ ಮೇಲೂ ಇದು ನನ್ನ ಕೆಲಸ ಅಂತ ಹೆಸರು ಕೇಳುವ ಅಧಿಕಾರ 57ನೇ ಕಲಂನಲ್ಲಿ ಮಾಡಿದವರಿಗೇ ಉಳಿಯುತ್ತದೆ. ಇನ್ನು ಕೌದಿ ಅನ್ನುವ ವಸ್ತು ಯಾರದು ಅಂತ ಮೂರು ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಹಿಡಿದು ಕೂತಿರುವುದು ಅದನ್ನೇ.

ನಿಮ್ಮನ್ನು ಯಾರಾದರೂ ಹೀಗೆ ಕರೆದರೆ, ಫಾರಂ ಕನ್ನಡದಲ್ಲಿ ಬರುವವರೆಗೆ ಶೆಡ್ಡಿನ ದಾರಿ ತೋರಿಸಬೇಡಿ. ಗಟ್ಟಿಯಾಗಿ ಓದಿ ಹೇಳಿ, ಒಂದು ರಾತ್ರಿ ಬಿಡಿ, ಆಮೇಲೆ ಹೆಬ್ಬೆಟ್ಟು. ದುಡ್ಡು ಎಷ್ಟು, ಯಾವ ದಿನ, ಯಾರ ಕೈಗೆ. ಮಾಡಿದ ವಸ್ತು ಯಾವ ತಾರೀಕಿಗೆ ವಾಪಸ್. ಚೀಟಿಯಲ್ಲಿ ಯಾರ ಹೆಸರು, ಹೆಸರೇ ಬೇಡ ಅನ್ನುವವರು ಯಾರು, ಎಲ್ಲ ಬರವಣಿಗೆಯಲ್ಲಿರಲಿ. ಜಾಗ ಗುರುತು ಸಿಗುವ ಚಿತ್ರ ಬೇಡವೇ ಬೇಡ. ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿ ಕೂತವರು ಕೂಡ ಚಿತ್ರ ಮಾರಿದ ದುಡ್ಡನ್ನು ತಾವೇ ಎಣಿಸಿಕೊಳ್ಳುತ್ತಾರೆ. ಇವರಿಗೆ ಮಾತ್ರ ಚೀಲ ಯಾಕೆ?

ಕಟ್ಟಡ ಮುಗಿಯಿತು, ಶೆಡ್‌ಗಳು ಬೇರೆ ಕಡೆ ಹೋದವು. ಸೆರಗು ಕೊಟ್ಟವಳು ತೊಗರಿ ರಾಶಿಗೆ ಅಂತ ಊರಿಗೆ ಹೋಗಿದ್ದಾಳೆ, ಅಲ್ಲಿಂದಲೇ ಫೋನ್ ಮಾಡುತ್ತಾಳೆ. ಕ್ಯುರೇಟರ್‌ಗೆ ಅಲ್ಲ, ನನಗೆ. ಕ್ಯುರೇಟರ್ ನಂಬರ್ ಅವಳ ಹತ್ತಿರ ಇಲ್ಲವೇ ಇಲ್ಲ. ಹೋದ ವಾರ ಸಂಸ್ಥೆಗೆ ಏಳನೇ ಇಮೇಲ್ ಹಾಕಿದೆ. ಈ ಸಲ ಉತ್ತರ ಬಂತು: ಕೌದಿಯನ್ನು ಕಳಿಸಬಹುದು, ಪ್ಯಾಕಿಂಗ್ ಮತ್ತು ವಿಮೆಯ ಖರ್ಚನ್ನು ‘ಸಮುದಾಯ’ ಭರಿಸುತ್ತದೆಯೇ ಅಂತ ತಿಳಿಸಬೇಕಂತೆ.